ಫ್ಯಾನ್ಸಿ ಮನೆಯ ಗೋಡೆ

ನಮ್ಮ ಬೀದಿಯಲ್ಲಿ ಯಾರೂ ಕದ್ದು ತಿನ್ನುವಂತಿಲ್ಲ. ಸೋಮವಾರದ ಉಪವಾಸದಲ್ಲಿ ಡಯಾಫನಸ್ ದಾಕ್ಷಾಯಿಣಮ್ಮನವರು ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರೆ ಸಾಕು, ಪಕ್ಕದ ಸೆಲೊಫೇನ್ ಮನೆಯ ಸೊಸೆ ಗೋಡೆಯ ಆಚೆ ನಿಂತು ಎರಡೂ ಕೆನ್ನೆಗೆ ಬಡಿದುಕೊಂಡು ತೋರಿಸುತ್ತಾಳೆ. ದಾಕ್ಷಾಯಿಣಮ್ಮ ನಾಚುವವರಲ್ಲ. ಇನ್ನೊಂದು ಚಕ್ಕುಲಿ ತೆಗೆದು ಗೋಡೆಗೆ ಹಿಡಿದು, ಬೇಕಾ ಎಂದು ಹುಬ್ಬು ಹಾರಿಸುತ್ತಾರೆ. ಮುಟ್ಟಿದರೆ ಅದು ಗೋಡೆಯೇ. ಹಣೆ ಬಡಿದರೆ ಬುಗುಟು ಬರುತ್ತದೆ, ಕೂಗಿದರೆ ಆಚೆಗೆ ಕೇಳುವುದಿಲ್ಲ. ಕಾಣುತ್ತದೆ, ಅಷ್ಟೆ.

ನಮ್ಮೂರಿನಲ್ಲಿ ಪ್ರತಿ ಮನೆಯ ಬಾಗಿಲ ಮೇಲೂ ಒಂದು ಇಂಗ್ಲಿಷ್ ಮಾತು ಇರುತ್ತದೆ. ಮನೆಯವರನ್ನು ಕರೆಯುವುದೂ ಆ ಮಾತು ಹಿಡಿದೇ. ಒಂದು ಬೇರಿನಿಂದ ಹುಟ್ಟಿದ ಮಾತುಗಳೆಲ್ಲ ಒಂದೇ ಬೀದಿ. ಆಚೆ ಬೀದಿಯವರು ಟೆಲಿಫೋನ್, ಗ್ರಾಮಫೋನ್, ಮೈಕ್ರೊಫೋನ್ ಮನೆಗಳವರು. ಅವರ ಗೋಡೆಗಳಲ್ಲಿ ಏನೂ ಕಾಣುವುದಿಲ್ಲ, ಎಲ್ಲವೂ ಕೇಳುತ್ತದೆ. ಪಾಪ, ಅವರ ಕಡೆ ಸೊಸೆಯಂದಿರು ಸದ್ದಾಗದಂತೆ ಮೂಗಿನಲ್ಲೇ ಅಳುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ನಾವು ಅವರನ್ನು ನೋಡಿ ಮರುಗುತ್ತೇವೆ, ಅವರು ನಮ್ಮ ಸುದ್ದಿ ಕೇಳಿ ಮರುಗುತ್ತಾರೆ. ಈ ಮಾತುಗಳು ಇಲ್ಲಿಗೆ ಹೇಗೆ ಬಂದವು ಎಂದು ಕೇಳುವವರು ಹೊರಗಿನವರು. ಒಳಗಿನವರು ಕೇಳುವುದು ಒಂದೇ ಪ್ರಶ್ನೆ: ನಿಮ್ಮದು ಯಾವ ಬೀದಿ?

ನಮ್ಮ ಬೀದಿಗೆಲ್ಲ ಒಬ್ಬಳೇ ಮುತ್ತಜ್ಜಿ. ಅವಳೂ ಒಂದು ಮಾತೇ, ಗ್ರೀಕರ ಕಡೆಯವಳು. ತೋರಿಸುವುದು, ಕತ್ತಲಲ್ಲಿದ್ದದ್ದನ್ನು ಬೆಳಕಿಗೆ ತರುವುದು ಅವಳ ಕಸುಬು. ಅವಳ ಸಂತಾನ ಚೆಲ್ಲಾಪಿಲ್ಲಿ ಬೆಳೆಯಿತು. ಕಣ್ಣಿಗೆ ಬಿದ್ದದ್ದೆಲ್ಲ ಫಿನಾಮಿನನ್, ತಟ್ಟನೆ ಹೊಳೆದದ್ದು ಎಪಿಫನಿ, ಇಲ್ಲದೆಯೂ ಕಂಡದ್ದು ಫ್ಯಾಂಟಮ್, ಆಚೆ ಕಾಣುವಷ್ಟು ತೆಳುವಾದದ್ದು ಡಯಾಫನಸ್. ಬಿಸ್ಕತ್ತಿನ ಪೊಟ್ಟಣಕ್ಕೆ ಸುತ್ತುವ ಕಾಗದ ಸೆಲೊಫೇನ್ ಕೂಡ ಅವಳ ವಂಶವೇ. ಸಿಕೊಫ್ಯಾಂಟ್ ಎಂದರೆ ಹೊಗಳುಭಟ್ಟ. ಆದರೆ ಆ ಮನೆಯ ಶಿವಾನಂದ ಮಾವನಷ್ಟು ಖಾರದ ಬಾಯಿ ಬೀದಿಯಲ್ಲಿ ಇನ್ನೊಂದಿಲ್ಲ. ಆ ಮಾತಿಗೆ ಹಿಂದೆ ಅಂಜೂರ ತೋರಿಸುವವನು ಎಂಬ ಅರ್ಥವಿತ್ತಂತೆ. ಯಾಕೆ, ಯಾರಿಗೆ ತೋರಿಸುತ್ತಿದ್ದ ಎಂಬುದು ಯಾರಿಗೂ ತಿಳಿಯದು. ಅದಕ್ಕೇ ಮಾವ ಹಿತ್ತಲಲ್ಲಿ ಅತ್ತಿಮರ ಬೆಳೆಸಿದ್ದಾರೆ. ಹಣ್ಣು ಕೊಡುವಾಗ ಒಡೆದು, ಹುಳ ತೋರಿಸಿಯೇ ಕೊಡುತ್ತಾರೆ. "ಹೊರಗೆ ಕೆಂಪು ನೋಡಿ ಹಲ್ಲು ಕಿರೀಬೇಡ, ಒಳಗೂ ನೋಡು" ಎನ್ನುತ್ತಾರೆ.

ಈ ಬಳಗದ ಎರಡು ಮನೆಗಳು ಅಕ್ಕಪಕ್ಕ ಬಂದು, ನಡುವಿನ ಗೋಡೆ ಒಂದೇ ಆದರೆ, ಆ ಗೋಡೆ ಎಣ್ಣೆ ಬಿದ್ದ ಕಾಗದದ ಹಾಗೆ ಮೆಲ್ಲಗೆ ತಿಳಿಯಾಗುತ್ತ ಹೋಗಿ ಒಂದು ದಿನ ಪೂರಾ ತೆರೆದುಕೊಳ್ಳುತ್ತದೆ. ಮನೆ ಪಾಳುಬಿದ್ದರೆ ಗೋಡೆ ಮತ್ತೆ ಮಣ್ಣಾಗುತ್ತದೆ. ಬೀದಿಯ ಜನ ಇದಕ್ಕೆ ಹೊಂದಿಕೊಂಡು ಬದುಕುವ ಚೆಂದ ನೋಡಬೇಕು. ಬಟ್ಟೆ ಬದಲಿಸಲು ನಡುವಿನ ಕೋಣೆ, ಸ್ನಾನಕ್ಕೆ ಹಿತ್ತಲು. ಗಂಡ ಹೆಂಡತಿ ಜಗಳಕ್ಕೆ ಮಾತ್ರ ಜಾಗ ಸಿಕ್ಕುವುದಿಲ್ಲ, ಹಾಗಾಗಿ ನಮ್ಮಲ್ಲಿ ಜಗಳಗಳು ಚುಟುಕು. ಎಂಫಸಿಸ್ ಮನೆಯ ಹುಡುಗಿ ಕಸೂತಿ ಕಲಿತದ್ದು ಪಕ್ಕದ ಮನೆಯ ಅತ್ತೆಯ ಬೆರಳು ನೋಡಿ, ಒಂದು ಮಾತೂ ಆಡದೆ. ಗೋಡೆಯ ಈಚೆ ಒಂದು ಮಣೆ, ಆಚೆ ಒಂದು ಮಣೆ ಇಟ್ಟುಕೊಂಡು ಮುದುಕರು ಚೌಕಾಬಾರ ಆಡುತ್ತಾರೆ. ಸಾರು, ಸಾಲ, ಬಸಿರು, ಜ್ವರ ಎಲ್ಲಕ್ಕೂ ಬೀದಿಗೆ ಅದರದೇ ಕೈಸನ್ನೆಗಳಿವೆ.

ಇದನ್ನೆಲ್ಲ ನಮ್ಮದು ನಮ್ಮದು ಎಂದು ಹೇಳುತ್ತಿದ್ದೇನಲ್ಲ, ಹಾಗೆ ಹೇಳುವ ಹಕ್ಕು ನನಗೆ ಬಹಳ ಕಾಲ ಇರಲಿಲ್ಲ.

ನನ್ನ ಅಪ್ಪ ಬಳೆ ಹೊತ್ತು ಊರೂರು ತಿರುಗುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅಮ್ಮ ನನ್ನನ್ನೂ ಒಂದು ಬೋರ್ಡನ್ನೂ ಕಟ್ಟಿಕೊಂಡು ಈ ಬೀದಿಗೆ ಬಂದಳು. ಬೋರ್ಡಿನ ಮೇಲೆ ಗುಲಾಬಿ ಬಣ್ಣದಲ್ಲಿ ಬರೆದದ್ದು: ಫ್ಯಾನ್ಸಿ ಸ್ಟೋರ್. ಬೀದಿಯ ತುದಿಯಲ್ಲಿ ಒಂದು ಪಾಳು ಮನೆ ಇತ್ತು. ಹಿಂದೆ ಅದು ಫ್ಯಾಂಟಸಿ ಮನೆ. ಆ ಮನೆಯವರು ಏನೇನೋ ಕನಸು ಕಾಣುತ್ತ ಒಂದು ದಿನ ಬಾಗಿಲು ತೆರೆದಿಟ್ಟೇ ಹೊರಟುಹೋದರಂತೆ.

ಅಮ್ಮ ಜಗಲಿಯ ಮೇಲೆ ನಿಂತು ಹಿರಿಯರ ಮುಂದೆ ತನ್ನ ಹಕ್ಕು ಹೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಫ್ಯಾಂಟಸಿ ಮನೇಲಿ ಒಬ್ಬ ಮೊಮ್ಮಗಳಿದ್ಲು. ಮನೇಲಿ ಕೂತು ಕನಸು ಕಾಣೋದು ಬ್ಯಾಸರ ಆಗಿ ಓಡೋಗಿ ಅಂಗಡಿ ಇಟ್ಲು. ಅಂಗಡೀಲಿ ಅಷ್ಟುದ್ದ ಹೆಸರು ಕರೆಯೋಕೆ ಯಾರಿಗೆ ಪುರುಸೊತ್ತು? ಚುಟುಕಾಯ್ತು. ಅವಳೇ ಫ್ಯಾನ್ಸಿ. ನಾವು ಅವಳ ಕಡೆಯೋರು."

ಜನ ನಕ್ಕರು. ಪಕ್ಕದ ಫಿನಾಮಿನನ್ ಮನೆಯ ಯಜಮಾನರು ಮರುಳಸಿದ್ದಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಬೀದಿಯಲ್ಲೇ ದೊಡ್ಡ ಮನೆ ಅವರದು, ಮೀಸೆಯೂ ಹಾಗೆಯೇ. "ಏನಮ್ಮ, ಟೇಪು ಪಿನ್ನು ಮಾರೋ ಮಾತಿಗೆ ಮುತ್ತಜ್ಜಿ ಬೇರೆ ಕೇಡು! ಓಡೋದೋಳಿಗೆ ಬೀದೀಲಿ ಪಾಲಿಲ್ಲ."

"ಬಿಸ್ಕತ್ತು ಸುತ್ತೋ ಕಾಗದಕ್ಕೆ ಪಾಲಿದೆಯಲ್ಲ ಸ್ವಾಮಿ. ನನ್ನ ರಿಬ್ಬನ್ನಿಗೆ ಯಾಕಿಲ್ಲ?"

ಸೆಲೊಫೇನ್ ಮನೆಯವರು ಮುಖ ಊದಿಸಿಕೊಂಡರು. ಶಿವಾನಂದ ಮಾವ ಮಾತ್ರ ತೊಡೆ ತಟ್ಟಿ, "ಹೆಂಗಸು ಮಾತು ಬಲ್ಲಳು. ಗೋಡೆಗೇ ಕೇಳೋಣ" ಎಂದರು. ಬೀದಿಗೆ ಹಿರಿಯರಾದ ದಾಕ್ಷಾಯಿಣಮ್ಮ ಹಾಗೆಯೇ ತೀರ್ಪು ಕೊಟ್ಟರು. ಗೋಡೆ ತೆರೆಯುವವರೆಗೆ ನಾವು ಬರೀ ನೆಂಟರು, ಬೀದಿಯವರಲ್ಲ. ನೆಂಟರ ಮಾತು ಬಾಗಿಲ ಮೇಲೆ ಏರುವುದಿಲ್ಲ, ಮನೆಯೊಳಗೆ ಇರಬೇಕು. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ಹಿರಿಯರು ಗೋಡೆ ನೋಡಲು ಬರುತ್ತಾರೆ. ಮೂರನೆಯ ಸಲವೂ ಮಣ್ಣೇ ಕಂಡರೆ ನೆಂಟರು ಮನೆ ಬಿಡಬೇಕು.

ಆ ಪಾಳು ಮನೆಯನ್ನು ಅಲ್ಲಿಯವರೆಗೆ ಮರುಳಸಿದ್ದಪ್ಪನವರು ಉಗ್ರಾಣ ಮಾಡಿಕೊಂಡಿದ್ದರು. ನಮ್ಮ ನಡುಮನೆಯ ಗೋಡೆ, ಅವರ ಮನೆಗೂ ನಮಗೂ ಒಂದೇ ಆದ ಗೋಡೆ, ಹಸಿರು ಬಣ್ಣದ್ದು. ಅವರು ತಮ್ಮ ಮನೆಯ ಕಬ್ಬಿಣದ ಬೀರುಗಳಿಗೆ ಹಸಿರು ಬಳಿಸಿ, ಡಬ್ಬದಲ್ಲಿ ಉಳಿದದ್ದನ್ನು ಉಗ್ರಾಣದ ಗೋಡೆಗೆ ಎಳೆಸಿದ್ದರಂತೆ. ನಾವು ಕಾಲಿಟ್ಟ ದಿನವೇ ಆ ಬೀರುಗಳನ್ನೆಲ್ಲ ಅವರು ತಮ್ಮ ಕಡೆಯಲ್ಲಿ ಇದೇ ಗೋಡೆಗೆ ಸಾಲಾಗಿ ಒತ್ತಿ ನಿಲ್ಲಿಸಿದರು ಎಂದು ಹೆಂಡತಿ ಮಂಗಳಮ್ಮ ಯಾರ ಬಳಿಯೋ ಹೇಳಿದ್ದರು. "ಅಕಸ್ಮಾತ್ ತೆರೆದೇಬಿಟ್ರೆ? ಬೆಳಗೆದ್ದು ಬಳೆ ಅಂಗಡಿ ಮುಖ ಯಾರು ನೋಡ್ತಾರೆ?" ಎಂದಿದ್ದರಂತೆ ಯಜಮಾನರು. ಆಮೇಲೆ ಬೀರು ಅಲ್ಲೇ ಉಳಿಯಿತು, ಅದರ ಹಿಂದೆ ಯಾರೂ ಇಣುಕಲಿಲ್ಲ. ಗೋಡೆ ನೋಡುವ ಶಾಸ್ತ್ರವೂ ಹೊಸಬರ ಮನೆಯ ಕಡೆಯಿಂದಲೇ ನಡೆಯಬೇಕು. ಹಳೆಯ ಮನೆಯೊಳಗೆ ಹೋಗಿ ಗೋಡೆ ಪರೀಕ್ಷೆ ಮಾಡಿದರೆ ಆ ಮನೆಯ ಮಾತಿನ ಮೇಲೇ ಅನುಮಾನ ಪಟ್ಟ ಹಾಗೆ.

ಎರಡು ಸಲ ಹಿರಿಯರು ಬಂದರು. ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದರು, ಬಿಸಿಲಿಗೆ ಬಾಗಿಲು ಹಾರುಹೊಡೆದು ತೆರೆದರು, ನೋಡಿದರು. ಹಸಿರು. ಅಮ್ಮ ಎರಡು ಸಲವೂ ಪಾನಕ ಕೊಟ್ಟು, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು, ಒಳಗೆ ಬಂದು ಅಂಗಡಿಯ ಟೇಪುಗಳನ್ನು ಸುತ್ತುತ್ತ ಕೂತಳು. ಅಂಗಡಿ ಎಂದರೆ ಅದೇ ನಡುಮನೆ. ಗೋಡೆಯ ಮೇಲರ್ಧಕ್ಕೆ ಅಟ್ಟ, ಅದರ ತುಂಬ ಬಳೆಪೆಟ್ಟಿಗೆಗಳು. ಕೆಳಗೆ ಹಸಿರು. ಆ ಹಸಿರಿನಲ್ಲಿ ಉದ್ದಕ್ಕೆ ನೆಟ್ಟಗೆ ಇಳಿದ ಎರಡು ಕಪ್ಪು ಬಿರುಕುಗಳು ಎರಡನೆಯ ಸಲದ ನಂತರ ಕಾಣಿಸಿಕೊಂಡವು. ಅಮ್ಮ ಸುಣ್ಣ ಕಲಸಿ ತುಂಬಲು ನೋಡಿದಳು. ಸುಣ್ಣ ನಿಲ್ಲಲಿಲ್ಲ, ಒಣಗಿ ಉದುರಿತು. ಒಂದು ಮೂಲೆಯಲ್ಲಿ ತುಕ್ಕಿನ ಬಣ್ಣದ ಕಲೆಯೂ ಎದ್ದಿತು. "ತೇವ ಕುಡಿದಿದೆ ಗೋಡೆ" ಎಂದಳು ಅಮ್ಮ.

ಬೀದಿಯವರು ನಮಗೆ ಕೆಟ್ಟದ್ದು ಮಾಡಿದರು ಎಂದರೆ ಸುಳ್ಳು. ಬಳೆ ಕೊಂಡರು, ಪಿನ್ನು ಕೊಂಡರು, ಮಂಗಳಮ್ಮನೂ ಸೊಸೆಯರ ಕೈಯಲ್ಲಿ ತರಿಸಿಕೊಳ್ಳುತ್ತಿದ್ದರು. ಆದರೆ ಅಮ್ಮನನ್ನು ಯಾರೂ ಮನೆಯ ಮಾತು ಹಿಡಿದು ಕರೆಯಲಿಲ್ಲ. ಬಳೆ ನೀಲಮ್ಮ, ಅಷ್ಟೆ. ನನಗೆ ಇದನ್ನು ನೋಡಿ ಉರಿಯುತ್ತಿತ್ತು. ಈ ಊರು ಬಿಟ್ಟು, ಮಾತಿಗೆ ಬೇರೇ ಇಲ್ಲದ ಊರಿಗೆ ಹೋಗೋಣ ಎನ್ನುತ್ತಿದ್ದೆ. ಅಮ್ಮ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡೇ ಹೇಳುತ್ತಿದ್ದಳು, "ಹೋಗೋರು ಹೋಗ್ಲಿ. ಇದು ನನ್ನ ಮನೆ."

ಮೂರನೆಯ ಸಲ ಗೋಡೆ ನೋಡುವುದಕ್ಕೆ ಸ್ವಲ್ಪ ದಿನ ಇತ್ತು. ಒಂದು ಮಧ್ಯಾಹ್ನ ಊಟವಾಗಿ ನಾನು ನಡುಮನೆಯಲ್ಲಿ ಚಾಪೆ ಹಾಕಿ ಬಿದ್ದುಕೊಂಡಿದ್ದೆ. ಬಿಸಿಲು ಬಾಗಿಲಿಂದ ನುಗ್ಗಿ ಗೋಡೆಯ ಬುಡಕ್ಕೆ ಬಡಿಯುತ್ತಿತ್ತು. ಗೋಡೆಯ ಮೇಲೆ ಒಂದು ಹಲ್ಲಿ ಕೂತಿತ್ತು. ಹಲ್ಲಿಯಲ್ಲೇನು ವಿಶೇಷ? ಸುಮ್ಮನೆ ನೋಡುತ್ತಿದ್ದೆ. ಅದು ಯಾಕೋ ಹಲ್ಲಿಯ ಹಾಗಿರಲಿಲ್ಲ. ತೆಳು ಹಳದಿ, ನುಣ್ಣಗೆ, ಒಳಗೆ ಎರಡು ಬಿಳಿ ಮೊಟ್ಟೆ ನೆರಳಾಡುತ್ತಿದ್ದವು. ನಾಲ್ಕು ಕಾಲಿನ ಅಂಗೈಗಳೂ ನನ್ನ ಕಡೆಗೇ ಬಿಚ್ಚಿಕೊಂಡಿದ್ದವು. ಗಂಟಲು ಪಟಪಟ ಬಡಿಯುವುದು ಕಾಣುತ್ತಿತ್ತು.

ನಾನು ನೋಡುತ್ತಿದ್ದದ್ದು ಹಲ್ಲಿಯ ಹೊಟ್ಟೆ.

ಎದ್ದು ಕೂತೆ. ಗೋಡೆಯ ಮೇಲೆ ಕೂತ ಹಲ್ಲಿಯ ಬೆನ್ನು ಕಾಣಬೇಕು. ಹೊಟ್ಟೆ ಗೋಡೆಗೆ ಅಂಟಿರುತ್ತದೆ. ಪೊರಕೆ ತೆಗೆದುಕೊಂಡು ಅದರ ಮೇಲೆ ಒಂದು ಹೊಡೆದೆ. ಪೊರಕೆ ಠಪ್ಪೆಂದಿತು, ಹಲ್ಲಿ ಮಿಸುಕಲಿಲ್ಲ. ಅದರ ಹೊಟ್ಟೆಯ ಮೇಲೆ ಬೆರಳಿಟ್ಟೆ. ತಣ್ಣನೆಯ, ನುಣುಪಾದ ಗೋಡೆ ಕೈಗೆ ಸಿಕ್ಕಿತು. ಬೆರಳಿನ ಆಚೆ ಹಲ್ಲಿ, ಹಲ್ಲಿಯ ಆಚೆ ಹಸಿರು.

"ಅಮ್ಮಾ!"

"ಏನೇ ಅರಚ್ತೀಯ, ಹಾವಾ?"

"ಹಲ್ಲಿ!"

"ಹಲ್ಲಿಗೆ ಹಿಂಗೆ ಅರಚ್ಕೊಂಡ್ರೆ ಹಾವಿಗೆ ಏನು ಮಾಡ್ತೀಯ?" ಎನ್ನುತ್ತ ಒಗೆಯುತ್ತಿದ್ದ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಬೆರಳು ತೋರಿಸಿದೆ. ಅವಳು ಹಲ್ಲಿಯನ್ನು ನೋಡಿದಳು, ನನ್ನನ್ನು ನೋಡಿದಳು, ಹಲ್ಲಿಯನ್ನು ನೋಡಿದಳು. ಆಮೇಲೆ ಕೆನ್ನೆಯನ್ನು ಗೋಡೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಬಿರುಕಿನ ಉದ್ದಕ್ಕೂ ಮೇಲಿಂದ ಕೆಳಕ್ಕೆ ನೋಡುತ್ತ ಹೋದಳು. ಅದು ಬಿರುಕಲ್ಲ. ಎರಡು ಬೀರುಗಳ ನಡುವಿನ ಸಂದು. ತುಕ್ಕಿನ ಕಲೆ ಬೀರಿನ ಬೆನ್ನಿನ ತುಕ್ಕು. ಒಂದು ತಿರುಪುಮೊಳೆಯ ತಲೆ, ಒಂದು ಜೇಡರ ಬಲೆ, ಬಲೆಯಲ್ಲಿ ಯಾರೋ ಸೊಸೆ ಯಾವತ್ತೋ ಕಳೆದುಕೊಂಡ ಬಾಚಣಿಗೆ. ನಾವು ಸುಣ್ಣ ಮೆತ್ತಿದ್ದು, ಒರೆಸಿದ್ದು, ಬೈದದ್ದು ತೆರೆದ ಗೋಡೆಯನ್ನು. ಅದು ಎಂದು ತೆರೆಯಿತೋ ಯಾರಿಗೆ ಗೊತ್ತು? ಒಂದೇ ಡಬ್ಬದ ಹಸಿರು ಹೋಗಿ ಅದೇ ಡಬ್ಬದ ಹಸಿರು ಬಂದಿತ್ತು.

ಅಮ್ಮ ನೆಲದ ಮೇಲೆ ಕೂತು ನಗಲು ಶುರುಮಾಡಿದಳು. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಡುವೆ ಎಲ್ಲೋ ಅದು ಅಳುವಾಯಿತು, ಮತ್ತೆ ನಗುವಾಯಿತು.

ನಾನು ಆಗಲೇ ಬಾಗಿಲಲ್ಲಿದ್ದೆ. "ಬೀದಿಯೋರನ್ನೆಲ್ಲ ಕರೀತೀನಿ. ಆ ಮೀಸೆಯಪ್ಪ ಬೇಕೂಂತಲೇ ಮಾಡಿದಾನೆ."

"ಕೂತ್ಕೊಳ್ಳೆ ಇಂದೂ."

"ಅಮ್ಮಾ, ನಮ್ಮ ಗೋಡೆ ತೆರೆದಿದೆ!"

"ತೆರೆದಿದೆ. ಅದು ನಂಗೂ ಕಾಣುತ್ತೆ. ಈಗ ನೀನು ಹೋಗಿ ಹೇಳ್ತೀಯ. ಅವರು ಕೇಳ್ತಾರೆ, ಕೇಳಿ ನಗ್ತಾರೆ. ಬಳೆಯೋಳ ಮಗಳು ಹಲ್ಲಿ ಹೊಟ್ಟೆ ನೋಡಿದ್ಲಂತೆ ಅಂತಾರೆ. ಬೀರು ಸರಿಸಿ ಅಂತ ಬೇಡ್ಕೋಬೇಕು, ಆಗಲ್ಲ ಅಂತಾರೆ. ಹಳೆ ಮನೆ ಒಳಗೆ ಹೋಗಿ ನೋಡೋದು ಶಾಸ್ತ್ರ ಅಲ್ಲ ಅಂತಾರೆ. ಬೇಡ್ಕೊಂಡು ಸೇರೋದಾದ್ರೆ ಆ ಕುಲ ನನಗೇ ಬ್ಯಾಡ." ಅವಳು ಮುಖ ಒರೆಸಿಕೊಂಡಳು. "ನಮ್ಮ ಮುತ್ತಜ್ಜಿ ಹೇಳಿ ಹೇಳಿ ದೊಡ್ಡೋಳಾದ್ಲಾ? ತೋರಿಸಿ ದೊಡ್ಡೋಳಾದ್ಲು."

"ಹೆಂಗೆ ತೋರಿಸ್ತೀಯ?"

"ಅವರು ಬಂದಾಗ ಗೋಡೆಗೆ ಮುಖ ಮಾಡಿ ಕೂರಿಸು. ಪಾನಕ ಕೊಡು. ಬಾಯಿ ಮಾತ್ರ ಬಿಡಬೇಡ. ಉಳಿದದ್ದು ನಂದು."

ಹಲ್ಲಿ ಆ ವೇಳೆಗೆ ಬೀರಿನ ಸಂದಿಗೆ ಹೊಕ್ಕಿತ್ತು. ಮುಂದಿನ ದಿನಗಳಲ್ಲಿ ನಾನು ಎಷ್ಟು ಕಾದರೂ ಅದು ಮತ್ತೆ ಹೊಟ್ಟೆ ತೋರಿಸಲಿಲ್ಲ. ಗೋಡೆ ಹಳೆಯ ಗೋಡೆಯಂತೆಯೇ ಕಾಣುತ್ತಿತ್ತು. ನನಗೇ ಅನುಮಾನ ಬರತೊಡಗಿತು.

ಗೋಡೆ ನೋಡುವ ದಿನ ಹಿರಿಯರು ಬಿಸಿಲು ನೆತ್ತಿಯಿಂದ ಇಳಿದ ಹೊತ್ತಿಗೆ ಬಂದರು. ಮುಂದೆ ದಾಕ್ಷಾಯಿಣಮ್ಮ, ಹಿಂದೆ ಶಿವಾನಂದ ಮಾವ, ಅವರ ಹಿಂದೆ ನಾಲ್ಕಾರು ಮನೆಯವರು. ಮರುಳಸಿದ್ದಪ್ಪನವರು ಎಲ್ಲರಿಗಿಂತ ಮೊದಲೇ ಬಂದು ನಮ್ಮ ನಡುಮನೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು. "ಕಿರಿಮಗನ ಮಂಚ ಇಲ್ಲಿ ಹಿಡಿಯುತ್ತೆ" ಎಂದು ಯಾರಿಗೋ ಹೇಳಿದರು. ನಾನು ಚಾಪೆ ಹಾಸಿ ಎಲ್ಲರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದೆ.

"ನಿಮ್ಮಮ್ಮ ಎಲ್ಲಿ ಮಗಾ?" ದಾಕ್ಷಾಯಿಣಮ್ಮ ಕೇಳಿದರು.

"ಬರ್ತಾಳೆ ಅಜ್ಜಿ. ಪಾನಕ ತಗೊಳ್ಳಿ."

ಅಮ್ಮ ಎಲ್ಲಿದ್ದಾಳೆಂದು ನನಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಅಪ್ಪನ ಹಳೆಯ ಬಳೆಬುಟ್ಟಿ ಹೊತ್ತು ಹಿತ್ತಲ ಬಾಗಿಲಿಂದ ಹೋಗಿದ್ದಳು.

ಒಬ್ಬರು ಎದ್ದು ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿದರು. ಬಾಗಿಲು ತೆರೆದರು. ಬಿಸಿಲು ಒಳಗೆ ಬಂತು. ಹಸಿರು. ಎರಡು ಬಿರುಕು, ಒಂದು ಕಲೆ.

"ಇನ್ನೇನು ನೋಡೋದು?" ಮರುಳಸಿದ್ದಪ್ಪನವರು ಮೀಸೆ ಸವರಿದರು. "ಹೋದ ಸಲಕ್ಕಿಂತ ಗೋಡೆ ಹಾಳಾಗಿದೆ. ನಾನು ಕೊಟ್ಟಾಗ ಬಿರುಕು ಇರ್ಲಿಲ್ಲ."

"ಬಿರುಕು ಬಿಟ್ಟೋರು ನೀವಾ, ಅವ್ರಾ?" ಶಿವಾನಂದ ಮಾವ ಕೇಳಿದರು.

"ನೀನು ಸುಮ್ನಿರಯ್ಯ. ನಿನ್ನ ಮಾತಿಗೆ ತಕ್ಕ ಹಾಗೆ ಒಂದು ಸಲವಾದ್ರೂ ನನ್ನ ಹೊಗಳ್ತೀಯಾ ನೋಡ್ತಿದೀನಿ."

"ಹೊಗಳೋವಂಥದ್ದು ಕಾಣ್ಲಿ ಅಣ್ಣಾ, ಹೊಗಳ್ತೀನಿ."

ದಾಕ್ಷಾಯಿಣಮ್ಮ ಪಾನಕದ ಲೋಟ ಕೆಳಗಿಟ್ಟರು. ಮುಖದಲ್ಲಿ ಬೇಸರವಿತ್ತು. ಅವರು ಅಮ್ಮನ ಬಳಿಯೇ ಬಳೆ ತೊಡುತ್ತಿದ್ದವರು. "ನೋಡು ಮಗಾ, ನಮಗೂ ಖುಷಿ ಇಲ್ಲ. ಆದರೆ ಮೂರು ಸಲ ನೋಡಾಯ್ತು. ಕಂಡದ್ದನ್ನ ಕಂಡ ಹಾಗೆ ಹೇಳೋದು ಈ ಬೀದಿ ಧರ್ಮ. ನನಗೆ ಮಣ್ಣೇ ಕಾಣ್ತಿದೆ."

ನನ್ನ ನಾಲಿಗೆ ತುದಿಗೆ ಹಲ್ಲಿಯ ಸುದ್ದಿ ಬಂದಿತ್ತು. ತುಟಿ ಕಚ್ಚಿ ಹಿಡಿದೆ. "ಇನ್ನೊಂದು ಲೋಟ ಪಾನಕ, ಅಜ್ಜಿ?"

"ಹೊಟ್ಟೇಲಿ ಜಾಗ ಇಲ್ಲವ್ವ. ಏಳ್ತೀವಿ" ಎಂದು ಅವರು ನೆಲಕ್ಕೆ ಕೈಯೂರಿದರು.

ಆಗ ಗೋಡೆಯೊಳಗೆ ಕೆಂಪಗೆ ಏನೋ ಇಳಿಯಿತು.

ಅಟ್ಟದ ಅಂಚಿನಿಂದ ಶುರುವಾಗಿ, ಹಸಿರಿನ ಮೇಲೆ, ಹಾವಿನ ಮರಿಯಂತೆ ಒಂದು ಸಲ ತಿರುಚಿಕೊಂಡು, ನೆಟ್ಟಗಾಗಿ, ಮಿರಮಿರ ಮಿಂಚುತ್ತ ಇಳಿದು ಬಂದದ್ದು ಕೆಂಪು ಸ್ಯಾಟಿನ್ ರಿಬ್ಬನ್. ಗೋಡೆ ಒರೆಸಿದವರ ಕೈಯಿಂದ ಬಟ್ಟೆ ಜಾರಿತು. ಕೆಂಪಿನ ಪಕ್ಕ ಹಳದಿ ಇಳಿಯಿತು. ಅದರ ಪಕ್ಕ ಜರಿ ಅಂಚಿನ ನೀಲಿ. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ದಾಕ್ಷಾಯಿಣಮ್ಮ ನೆಲಕ್ಕೆ ಕೈಯೂರಿದ ಹಾಗೆಯೇ, ಏಳದೆ ಕೂರದೆ, ಬಾಯಿ ತೆರೆದುಕೊಂಡಿದ್ದರು. ಮತ್ತೆ ಧಾರೆ ಶುರುವಾಯಿತು. ಹಣೆಬೊಟ್ಟಿನ ಹಾಳೆಗಳು ತೂರಾಡಿಕೊಂಡು, ಕೂದಲಪಿನ್ನುಗಳು ಚಿಲ್ಲನೆ, ಚಮಕಿ ಮಳೆಯಂತೆ, ಪ್ಲಾಸ್ಟಿಕ್ ಗುಲಾಬಿ, ಮುತ್ತಿನ ಸರ, ಬೆಳ್ಳಿಬಣ್ಣದ ಜುಮುಕಿ, ಮಗುವಿನ ಗಿಲಕಿ. ಸದ್ದಿಲ್ಲ. ಎಲ್ಲವೂ ಹಸಿರಿನ ಮೇಲೆ ಹೊಳೆಯುತ್ತ, ನಮ್ಮ ಬಿಸಿಲನ್ನು ಕುಡಿಯುತ್ತ ಇಳಿದವು. ಕೆಲವು ಜೇಡರ ಬಲೆಗೆ ಸಿಕ್ಕಿ ಅಲ್ಲೇ ತೂಗಾಡಿದವು. ನನ್ನ ಅಮ್ಮನ ಅಂಗಡಿ ಪೂರಾ ಗೋಡೆಯೊಳಗೆ ಸುರಿಯುತ್ತಿತ್ತು.

ಮರುಳಸಿದ್ದಪ್ಪನವರು ಎದ್ದು ನಿಂತು ಕಿರುಚಿದರು. "ಏಯ್! ಯಾರದು, ನಮ್ಮ ಬೀರು ಹಿಂದೆ ಕಸ ಹಾಕ್ತಿರೋದು?"

ಎಲ್ಲರೂ ಅವರ ಕಡೆ ತಿರುಗಿದರು.

ಶಿವಾನಂದ ಮಾವ ಬಹಳ ಮೃದುವಾಗಿ ಕೇಳಿದರು. "ನಿಮ್ಮ ಬೀರಾ ಅಣ್ಣಾ? ನಿಮ್ಮ ಬೀರು ನಿಮಗೆ ಎಲ್ಲಿಂದ ಕಾಣ್ತಿದೆ?"

ಮರುಳಸಿದ್ದಪ್ಪನವರ ಕಣ್ಣು ರಿಬ್ಬನ್ನಿನಿಂದ ಹಸಿರಿಗೆ, ಹಸಿರಿನಿಂದ ತುಕ್ಕಿಗೆ, ತುಕ್ಕಿನಿಂದ ತಿರುಪುಮೊಳೆಗೆ ಹೋಯಿತು. ಅವರಿಗೂ ಗೊತ್ತಿರಲಿಲ್ಲ. ಇದನ್ನು ಅವರ ಪರವಾಗಿ ನಾನೇ ಹೇಳಬೇಕು, ಆ ಮುಖದಲ್ಲಿ ಮೋಸ ಸಿಕ್ಕಿಬಿದ್ದ ಕಳೆ ಇರಲಿಲ್ಲ. ತನ್ನ ಬೆನ್ನನ್ನು ಮೊದಲ ಸಲ ನೋಡಿಕೊಂಡವರ ಮುಖ ಅದು.

"ಇವತ್ತು ಮಾತ್ರ ನಿಮ್ಮನ್ನ ಹೊಗಳ್ತೀನಿ" ಎಂದರು ಶಿವಾನಂದ ಮಾವ. "ಇಷ್ಟು ಚೆನ್ನಾಗಿ ಸಾಕ್ಷಿ ಹೇಳಿದೋರು ಈ ಬೀದೀಲಿ ಇನ್ನೊಬ್ಬರಿಲ್ಲ."

ಗೋಡೆಯಾಚೆ ಹಸಿರು ಅಲುಗಿತು. ನಡುವಿನ ಬೀರು ಒಂದು ಕಡೆಯಿಂದ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಸಂದಿನಿಂದ ಫಿನಾಮಿನನ್ ಮನೆಯ ನಡುಮನೆ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಂಡಿತು. ಕರೀ ನೆಲ, ತೂಗುಮಂಚ, ಬೀರನ್ನು ಹೆಗಲು ಕೊಟ್ಟು ತಳ್ಳುತ್ತಿರುವ ಇಬ್ಬರು ಸೊಸೆಯರು, ಸ್ಟೂಲಿನ ಮೇಲೆ ಖಾಲಿ ಬಳೆಬುಟ್ಟಿ. ಆಮೇಲೆ ಅಮ್ಮ. ಕೂದಲಿನ ತುಂಬ ಜೇಡರ ಬಲೆ, ಮೊಣಕೈವರೆಗೆ ಧೂಳು. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಬೀದಿಯ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಅವಳು ನಗಲಿಲ್ಲ, ಕೈ ಮುಗಿಯಲಿಲ್ಲ. ಅಪ್ಪ ಇದ್ದಾಗಲೂ ನಾನು ಅವಳನ್ನು ಅಷ್ಟು ಎತ್ತರ ಕಂಡಿರಲಿಲ್ಲ.

ಆಚೆ ನಡೆದದ್ದನ್ನು ಮಂಗಳಮ್ಮನೇ ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನೆಂಟರು ಕರೆಯದೆ ಹಳೆ ಮನೆಯ ಹೊಸಿಲು ದಾಟುವಂತಿಲ್ಲ. ಆದರೆ ಬಳೆ ಹೊತ್ತು ಬಂದವರನ್ನು ಮುತ್ತೈದೆಯಿರುವ ಮನೆ ವಾಪಸು ಕಳಿಸುವಂತಿಲ್ಲ. ಅಮ್ಮ ಬುಟ್ಟಿ ಹೊತ್ತು ಅವರ ಬಾಗಿಲ ಮುಂದೆ ನಿಂತು, "ಬಳೆ ಬೇಕೇನವ್ವಾ?" ಎಂದು ಕೂಗಿದಳಂತೆ.

"ಏನ್ ನೀಲಮ್ಮಾ, ಇವತ್ತು ನಿನ್ನ ಮನೆ ಹೋಗೋ ದಿನ, ಇವತ್ತು ಬಳೆ ತಂದಿದೀಯಲ್ಲ" ಎಂದರಂತೆ ಮಂಗಳಮ್ಮ.

ಅಮ್ಮ ಮೊದಲು ಬಳೆ ತೊಡಿಸಿದಳಂತೆ, ಕಸುಬಿಗೆ ಮೋಸವಾಗಬಾರದಲ್ಲ. ಆಮೇಲೆ ಕೇಳಿದಳಂತೆ: "ನಿಮ್ಮ ಬೀರು ಹಿಂದೆ ಒಂದು ರಿಬ್ಬನ್ ಇಳಿಬಿಡ್ಲಾ?" ಮಂಗಳಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರಂತೆ. ಯಾಕೆ ಎಂದು ಕೇಳಲಿಲ್ಲ. ತಾವೇ ಹೋಗಿ ಸ್ಟೂಲ್ ತಂದು ಹಾಕಿದರಂತೆ. ಬುಟ್ಟಿ ಖಾಲಿಯಾಗುವವರೆಗೆ ಸ್ಟೂಲಿನ ಕಾಲು ಹಿಡಿದುಕೊಂಡಿದ್ದವರೂ ಅವರೇ.

ಅಮ್ಮ ವಾಪಸು ಬಂದಾಗ ಹಿರಿಯರೆಲ್ಲ ಇನ್ನೂ ನಮ್ಮ ನಡುಮನೆಯಲ್ಲೇ ಇದ್ದರು. ಅವಳು ಒಳಗೆ ಬರಲಿಲ್ಲ, ಹೊಸಿಲಿನ ಆಚೆ ನಿಂತಳು. ದಾಕ್ಷಾಯಿಣಮ್ಮ ಎದ್ದು ಬಾಗಿಲಿಗೆ ಹೋಗಿ, ತಮ್ಮ ಸೆರಗಿನಿಂದ ಅವಳ ಕೂದಲ ಮೇಲಿನ ಬಲೆ ತೆಗೆದರು. "ಒಳಗೆ ಬಾ ಫ್ಯಾನ್ಸಿ ನೀಲಾವತಿ" ಎಂದರು. ಅಮ್ಮ ಬಲಗಾಲಿಟ್ಟು ಒಳಗೆ ಬಂದಳು. ಬೋರ್ಡನ್ನು ಬಾಗಿಲ ಮೇಲೆ ಹೊಡೆಯಲು ಶಿವಾನಂದ ಮಾವ ತಮ್ಮ ಮನೆಯಿಂದಲೇ ಸುತ್ತಿಗೆ ತಂದರು. ಮೊಳೆ ಸೊಟ್ಟಗಾಯಿತು. ಬೋರ್ಡ್ ಈಗಲೂ ಎಡಕ್ಕೆ ವಾಲಿದೆ, ಅಮ್ಮ ಸರಿ ಮಾಡಲು ಬಿಟ್ಟಿಲ್ಲ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀರುಗಳೆಲ್ಲ ಆಚೆ ಮನೆಯ ಇನ್ನೊಂದು ಗೋಡೆಗೆ ಹೋಗಿದ್ದವು. ನಮ್ಮ ನಡುಮನೆ ಏಕಾಏಕಿ ಎರಡರಷ್ಟು ದೊಡ್ಡದಾಗಿತ್ತು. ಎಲ್ಲಿ ಕೂರಬೇಕು, ಕೈ ಎಲ್ಲಿಡಬೇಕು ಎಂದು ನನಗೆ ತೋಚಲಿಲ್ಲ. ಅಮ್ಮ ಏನೂ ಆಗದವಳಂತೆ ಎರಡು ತಟ್ಟೆ ಇಟ್ಟು ಬಡಿಸಲು ಕೂತಳು. ಆಚೆ ಅವರೂ ಊಟಕ್ಕೆ ಕೂತರು. ಮಂಗಳಮ್ಮ, ಸೊಸೆಯರು, ಮಕ್ಕಳು ಎಲ್ಲ ನಮ್ಮ ಕಡೆ ಮುಖ ಮಾಡಿ ಕೂತರೆ ಮರುಳಸಿದ್ದಪ್ಪನವರು ಮಾತ್ರ ಮಣೆಯನ್ನು ತಿರುಗಿಸಿ ಹಾಕಿಕೊಂಡು, ನಮಗೆ ಬೆನ್ನು ಮಾಡಿ ಕೂತರು. ಅಗಲವಾದ ಬೆನ್ನು, ಬನಿಯನ್ನಿನಲ್ಲಿ ಒಂದು ತೂತು.

"ನೋಡಮ್ಮ ಸೊಕ್ಕು" ಎಂದೆ. "ಸೋತ ಮೇಲೂ ಬೆನ್ನು ತೋರಿಸ್ಕೊಂಡು ಕೂತಿದಾರೆ."

ಅಮ್ಮ ಅನ್ನಕ್ಕೆ ಸಾರು ಹಾಕಿದಳು. "ತೋರಿಸ್ತಿದಾರಲ್ಲ, ತೋರಿಸ್ಲಿ ಬಿಡು. ಬೀರಿನ ಬೆನ್ನಿಗಿಂತ ಇದು ವಾಸಿ."

ಗಂಡನ ಬೆನ್ನ ಆಚೆಯಿಂದ ಮಂಗಳಮ್ಮ ಹೊಸ ಬಳೆಯ ಕೈ ಎತ್ತಿ, ಬೆರಳು ಮಡಿಸಿ, ತಿರುವಿ, ಏನೋ ಸನ್ನೆ ಮಾಡಿ ಕೇಳಿದರು. ಏನು ಸಾರು ಎಂದು ಕೇಳುತ್ತಿದ್ದಾರೆಂದು ನಾನು ಊಹಿಸಿದೆ. ಹುರುಳಿ ಸಾರಿಗೆ ಬೀದಿಯಲ್ಲಿ ಯಾವ ಸನ್ನೆ ಇದೆಯೋ ನಮಗೆ ಗೊತ್ತಿರಲಿಲ್ಲ. ನೆಂಟರಿಗೆ ಅದನ್ನು ಕಲಿಸುವವರಾದರೂ ಯಾರು? ಅಮ್ಮ ಸೌಟನ್ನು ಸಾರಿನ ಪಾತ್ರೆಗೇ ಇಳಿಸಿ, ಇಕ್ಕಳದಲ್ಲಿ ಪಾತ್ರೆ ಎತ್ತಿಕೊಂಡು, ನೆಟ್ಟಗೆ ನಡೆದುಹೋಗಿ ಗೋಡೆಗೆ ಹಿಡಿದು ನಿಂತಳು. ಹಬೆ ಗೋಡೆಯ ಮೇಲೆ ಮಸುಕಾಗಿ ಕೂತಿತು. ಅದನ್ನು ಸೆರಗಿನಲ್ಲಿ ಒರೆಸಿ ಮತ್ತೆ ಹಿಡಿದಳು. ಆಚೆ ಮಕ್ಕಳು ಎದ್ದು ಓಡಿ ಬಂದು ಮೂಗು ಒತ್ತಿಕೊಂಡು ನೋಡಿದರು. ಸೊಸೆಯರು ಕತ್ತು ಚಾಚಿದರು. ಮರುಳಸಿದ್ದಪ್ಪನವರ ಬೆನ್ನು ಅಲುಗಲಿಲ್ಲ. ಅಮ್ಮನೂ ಅಲುಗಲಿಲ್ಲ. ಬಿಸಿ ಪಾತ್ರೆ ಹಿಡಿದು ನಿಂತೇ ಇದ್ದಳು. ಕೊನೆಗೆ ಆ ದೊಡ್ಡ ಕುತ್ತಿಗೆ ಸ್ವಲ್ಪವೇ ಸ್ವಲ್ಪ ಇತ್ತ ಹೊರಳಿತು, ಮೀಸೆಯ ಒಂದು ತುದಿ ಕಂಡಿತು, ಆಮೇಲೆ ಒಂದು ಕಣ್ಣು.